ಲಿಂಗರಾಜರು ಗೂಡಿನಲ್ಲಿ ಕುಳಿತದ್ದು

ಅಡಿಲೇಡಿನ ಕನ್ನಡ ಡಾಕ್ಟರುಗಳಲ್ಲಿ ಲಿಂಗರಾಜರಷ್ಟು ಧೀರರು ಇನ್ನೊಬ್ಬರಿರಲಿಲ್ಲ. ಇದನ್ನು ಅವರೇ ಹೇಳುತ್ತಿದ್ದರು, ಆದ್ದರಿಂದ ಸಂಶಯಕ್ಕೆ ಎಡೆಯೇ ಇರಲಿಲ್ಲ. ಎಪ್ಪತ್ತೊಂದರಲ್ಲಿ ತುಮಕೂರಿನಿಂದ ಬಂದಿಳಿದವರು. ಹಿತ್ತಲಿಗೆ ನುಗ್ಗಿದ ಹಾವನ್ನು ಪೊರಕೆಯಿಂದ ಗಡೀಪಾರು ಮಾಡಿದವರು. ಆಸ್ಪತ್ರೆಯಲ್ಲಿ ದಿನವೂ ಐದಾರು ಜನಕ್ಕೆ ಅರಿವಳಿಕೆ ಕೊಟ್ಟು ಮಲಗಿಸಿ, ಅಷ್ಟೂ ಜನರನ್ನು ಮರೆಯದೆ ಎಬ್ಬಿಸುವವರು. ಐದನೆಯ ಮಹಡಿಯ ಆಪರೇಷನ್ ಥಿಯೇಟರಿಗೆ ಒಂದು ದಿನವೂ ಲಿಫ್ಟಿನಲ್ಲಿ ಹೋದವರಲ್ಲ. "ವ್ಯಾಯಾಮ ಕಣಯ್ಯಾ," ಎಂದು ಗೆಳೆಯ ನಾಗೇಂದ್ರನಿಗೆ ಹೇಳುತ್ತಿದ್ದರು, ಏದುಸಿರಿನ ನಡುವೆ.

ಅದು ವ್ಯಾಯಾಮವಾಗಿರಲಿಲ್ಲ. ಲಿಂಗರಾಜರಿಗೆ ಎಂಟು ವರ್ಷವಾಗಿದ್ದಾಗ ಅವರ ಅಜ್ಜ ಲಿಂಗೈಕ್ಯರಾದರು. ಲಿಂಗಾಯತರಲ್ಲಿ ಹೆಣವನ್ನು ಸುಡುವುದಿಲ್ಲ. ಗುಂಡಿಯ ಗೋಡೆಯಲ್ಲಿ ಗೂಡು ಕೊರೆದು, ಪದ್ಮಾಸನದಲ್ಲಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಮಣ್ಣು ಮುಚ್ಚುತ್ತಾರೆ. ಅಂಚಿನಲ್ಲಿ ನಿಂತು ಒಂದು ಹಿಡಿ ಮಣ್ಣು ಹಾಕಿದ ಮೊಮ್ಮಗನಿಗೆ, ಮಣ್ಣು ಮೂಗಿನ ಮಟ್ಟಕ್ಕೆ ಏರುವವರೆಗೂ ಅಜ್ಜ ಉಸಿರಾಡುತ್ತಲೇ ಇದ್ದಂತೆ ಕಂಡಿತ್ತು. ಅಂದಿನಿಂದ ಬಾಗಿಲು ಮುಚ್ಚಿದರೆ ಸಾಕು, ಅವರ ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿಗಂತೂ ಪ್ರಾಣ ಹೋದರೂ ಹೇಳುವವರಲ್ಲ. ವೀರರ ಪಾಡೇ ಹಾಗೆ.

ಎಪ್ಪತ್ತೊಂಬತ್ತರ ಜನವರಿಯಲ್ಲಿ ಆ ಹೆಂಡತಿ ವಿಶಾಲಾಕ್ಷಿ, ಅವರೂ ಡಾಕ್ಟರೇ, ಕೂಬರ್ ಪೀಡಿಯಲ್ಲಿ ಒಂದು ವಾರ ಬದಲಿ ಡ್ಯೂಟಿಗೆ ಒಪ್ಪಿಕೊಂಡರು. ಮರುಭೂಮಿಯ ನಟ್ಟನಡುವೆ, ಓಪಲ್ ಹರಳು ಅಗೆಯುವವರ ಊರು ಅದು. "ನಾನೂ ಬರ್ತೀನಿ, ಹೆದರಬೇಡ," ಎಂದು ಲಿಂಗರಾಜರು ಅಭಯವಿತ್ತರು. ಅಲ್ಲಿ ಮಲಗುವುದೆಲ್ಲಿ ಎಂದು ಮಾತ್ರ ಕೇಳಲಿಲ್ಲ.

ಮಗಳು ಮೈತ್ರೇಯಿಯನ್ನು ನಾಗೇಂದ್ರನ ಮನೆಯಲ್ಲಿ ಬಿಟ್ಟು, ಕಾರಿನಲ್ಲಿ ಎರಡು ದಿನ ಕೆಂಧೂಳು ಕುಡಿದು ಊರು ಸೇರಿದಾಗ ನಡುಮಧ್ಯಾಹ್ನ. ನಲವತ್ತೇಳು ಡಿಗ್ರಿ ಬಿಸಿಲು. ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಗುಡ್ಡದ ಮೈಯಲ್ಲಿ ಅಲ್ಲೊಂದು ಇಲ್ಲೊಂದು ಬಾಗಿಲು.

"ಮನೆಗಳೆಲ್ಲಿ?" ಎಂದರು ಲಿಂಗರಾಜರು.

"ಒಳಗೆ," ಎಂದಳು ವಸತಿಗೃಹದ ಒಡತಿ, ಒಬ್ಬ ಗ್ರೀಕ್ ಮುದುಕಿ. "ಈ ಬಿಸಿಲಲ್ಲಿ ಭೂಮಿಯ ಮೇಲೆ ಯಾರು ಬದುಕ್ತಾರೆ ಡಾಕ್ಟರ್? ಬನ್ನಿ, ನಿಮ್ಮ ಕೋಣೆ ಬಂಡೆಯೊಳಗೆ. ತಣ್ಣಗಿದೆ."

ಕಿಟಕಿಯಿಲ್ಲ. ಗೋಡೆ, ಚಾವಣಿ ಎಲ್ಲ ಒಂದೇ ಕೆಂಪು ಕಲ್ಲು. ಮಂಚದ ಪಕ್ಕದಲ್ಲಿ ಪೆಟ್ಟಿಗೆ ಇಡಲೆಂದು ಕಮಾನಿನಾಕಾರಕ್ಕೆ ಕೊರೆದ ದೊಡ್ಡ ಗೂಡು. "ನೋಡ್ರೀ, ಪೂಜೆಗೆ ಅಂತಾನೇ ಮಾಡಿಸಿದ ಹಾಗಿದೆ!" ಎಂದು ವಿಶಾಲಾಕ್ಷಿ ಟವೆಲ್ ಹಾಸಿಯೇಬಿಟ್ಟರು. ಪೂಜೆಯಿಲ್ಲದೆ ಊಟವಿಲ್ಲ. ಲಿಂಗರಾಜರು ಸ್ನಾನ ಮಾಡಿದರು, ವಿಭೂತಿ ಬಳಿದುಕೊಂಡರು, ಗೂಡಿನಲ್ಲಿ ಪದ್ಮಾಸನ ಹಾಕಿ ಕುಳಿತು ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡರು. ಆಗ ಹೊಳೆಯಿತು. ಉಳಿದದ್ದು ಮಣ್ಣೊಂದೇ.

ಚಾವಣಿಯಿಂದ ಒಂದು ಚಿಟಿಕೆ ಮಣ್ಣು ಹೆಗಲ ಮೇಲೆ ಉದುರಿತು.

ಆಮೇಲಿನದು ಅವರಿಗೂ ಸರಿಯಾಗಿ ನೆನಪಿಲ್ಲ. ಪಂಚೆ ಎತ್ತಿ ಹಿಡಿದು, ಬರಿಗಾಲಲ್ಲಿ, ಮುದುಕಿಯನ್ನು ದಾಟಿ, ಬಾಗಿಲು ದಾಟಿ, ಬಯಲಿಗೆ ಬಿದ್ದಿದ್ದರು. ಹತ್ತಿಪ್ಪತ್ತು ಮಾರು ಓಡಿದ ಮೇಲೆ ಫಲಕವೊಂದು ಕಂಡಿತು: ಓಡಬೇಡಿ, ಹಿಂದಕ್ಕೆ ಹೆಜ್ಜೆ ಇಡಬೇಡಿ, ಮುಚ್ಚದ ಗಣಿಗುಂಡಿಗಳಿವೆ. ಕಾಲು ಅಲ್ಲೇ ಕಲ್ಲಾಯಿತು. ಎಡಗಡೆ ಒಂದು ಗುಂಡಿ. ಬಲಗಡೆ ಎರಡು. ಭೂಮಿಯೊಳಗೆ ಇರಲಾರೆನೆಂದು ಓಡಿಬಂದ ವೀರನನ್ನು ಭೂಮಿ ಬಾಯಿ ತೆರೆದುಕೊಂಡೇ ಎದುರುಗೊಂಡಿತ್ತು. ಅಂಗಾಲು ಹಪ್ಪಳದಂತೆ ಸುಡುತ್ತಿತ್ತು, ಬೆವರಿಗೆ ವಿಭೂತಿ ಕರಗಿ ಕಣ್ಣಿಗಿಳಿಯುತ್ತಿತ್ತು.

"ರೀ! ಲಿಂಗ ಕೈಯಲ್ಲಿದೆ ತಾನೆ?"

ವಿಶಾಲಾಕ್ಷಿ ಗಂಡನ ಚಪ್ಪಲಿ ಹಿಡಿದು ಬರುತ್ತಿದ್ದರು.

"ಇದೆ. ನಿಲ್ಲು! ವಿಶಾಲೂ, ಒಂದು ಹೆಜ್ಜೆ ಇಡಬೇಡ! ಗುಂಡಿ!"

ವಿಶಾಲಾಕ್ಷಿ ನಿಲ್ಲಲಿಲ್ಲ. ಕಾಲಿಗೆ ತಾಗಿದ ಕಲ್ಲೊಂದು ಉರುಳಿ ಗುಂಡಿಗೆ ಬಿತ್ತು. ಲಿಂಗರಾಜರು ಕಿವಿಗೊಟ್ಟರು. ತಳ ಮುಟ್ಟಿದ ಸದ್ದೇ ಬರಲಿಲ್ಲ. ಆಗ ಅವರೊಳಗಿನ ಹಳೆಯ ಹೆದರಿಕೆಯನ್ನು ತಳ್ಳಿಕೊಂಡು ಹೊಸದೊಂದು ಹೆದರಿಕೆ ಬಂತು. "ಬರಬೇಡ ಕಣೇ! ನನಗೆ ಒಳಗೆ ಉಸಿರು ಕಟ್ಟುತ್ತೆ, ಅಷ್ಟೇ. ಅಜ್ಜನ್ನ ಹಾಗೇ ಕೂರಿಸಿದ್ರು, ಹಾಗೇ ಗೂಡಲ್ಲಿ. ನಾನೇ ಮಣ್ಣು ಹಾಕಿದ್ದು. ನಾನು ಪುಕ್ಕಲ, ಸಾಕಾ? ನಿಲ್ಲು!"

"ನಿಮ್ಮ ಹೆಜ್ಜೆ ಗುರುತಲ್ಲೇ ಹೆಜ್ಜೆ ಇಡ್ತಿದೀನಿ," ಎನ್ನುತ್ತಾ ವಿಶಾಲಾಕ್ಷಿ ಬಂದು ಚಪ್ಪಲಿ ಕೆಳಗಿಟ್ಟರು. "ಅಜ್ಜನ ವಿಷಯ ಗೊತ್ತಿರಲಿಲ್ಲ. ಪುಕ್ಕಲ ಅನ್ನೋದು ಗೊತ್ತಿತ್ತು. ಮೈತ್ರೇಯಿ ಹುಟ್ಟಿದಾಗ ಏಳು ಮಹಡಿ ಹತ್ಕೊಂಡು ಬಂದು, ಮಗು ನೋಡೋಕೆ ಮುಂಚೆ ಆಕ್ಸಿಜನ್ ಕೇಳಿದ್ರಲ್ಲ?"

"ಮತ್ತೆ ಇಲ್ಲಿಗ್ಯಾಕೆ ಕರ್ಕೊಂಡ್ ಬಂದೆ?"

"ನಾನೆಲ್ಲಿ ಕರೆದೆ? ಹೆದರಬೇಡ ಅಂತ ನೀವೇ ಬಂದ್ರಿ." ಅವರು ಸೆರಗಿನಿಂದ ಗಂಡನ ಕಣ್ಣು ಒರೆಸಿದರು. "ಒಂದು ಹೇಳಿ. ಸಮಾಧಿಯಲ್ಲಿ ಕೂರಿಸುವಾಗ ಪಕ್ಕದಲ್ಲಿ ಹೆಂಡ್ತೀನೂ ಕೂರಿಸ್ತಾರಾ?"

"ಇಲ್ಲ."

"ಕೂತ ಹೆಣಾನ ಯಾರಾದ್ರೂ ಬೈತಾರಾ?"

"ಇಲ್ಲ."

"ಹಾಗಾದ್ರೆ ನಡೀರಿ. ನನಗೆ ಹಸಿವು."

ಬಂದ ಹೆಜ್ಜೆಗಳ ಮೇಲೇ ಇಬ್ಬರೂ ಹಿಂದಿರುಗಿದರು. ಈ ಸಲ ಗೂಡಿನಲ್ಲಿ ಪಕ್ಕಪಕ್ಕದಲ್ಲಿ ಕುಳಿತರು. ಅಗಲ ಸಾಲದೆ ವಿಶಾಲಾಕ್ಷಿಯವರ ಮೊಣಕೈ ಲಿಂಗರಾಜರ ಪಕ್ಕೆಗೆ ಚುಚ್ಚುತ್ತಿತ್ತು. ಲಿಂಗರಾಜರು ಸರಿದು ಕೂರಲಿಲ್ಲ. ಹೆದರಿಕೆಯೇನೂ ಹೋಗಿರಲಿಲ್ಲ. ಪೂಜೆ ಅರ್ಧವಾಗಿರಬೇಕು, ಹೊರಗೆ ಜನರೇಟರ್ ಕೆಮ್ಮಿ ನಿಂತಿತು. ದೀಪ ಹೋಯಿತು. ಅಂಥ ಕತ್ತಲೆಯನ್ನು ಲಿಂಗರಾಜರು ಕಣ್ಣು ಮುಚ್ಚಿಯೂ ಕಂಡಿರಲಿಲ್ಲ.

"ವಿಶಾಲೂ."

"ಇಲ್ಲೇ ಇದೀನಿ."

"ಬೈ."

ವಿಶಾಲಾಕ್ಷಿ ಶುರು ಮಾಡಿದರು. ಮದುವೆಯ ದಿನ ತಡವಾಗಿ ಬಂದದ್ದರಿಂದ ಹಿಡಿದು, ಕಾರಿನ ಕಿಟಕಿ ಮುಚ್ಚಲು ಬಿಡದೆ ದಾರಿಯುದ್ದಕ್ಕೂ ಧೂಳು ತಿನ್ನಿಸಿದ್ದರವರೆಗೆ, ವರ್ಷವಾರು, ಒಂದನ್ನೂ ಬಿಡದೆ ಬೈದರು. ಲಿಂಗರಾಜರು ಅಂಗೈಯ ಲಿಂಗವನ್ನು ಅವುಚಿಕೊಂಡು, ಒಂದೊಂದು ಬೈಗುಳಕ್ಕೆ ಒಂದೊಂದು ಉಸಿರು ಎಳೆದುಕೊಂಡರು.

ದೀಪ ಬಂತು. ವಿಶಾಲಾಕ್ಷಿ ಮಾತು ನಿಲ್ಲಿಸಿ ಏಳಹೋದರು.

"ಇನ್ನೂ ಸ್ವಲ್ಪ," ಎಂದರು ಲಿಂಗರಾಜರು, ಅವರ ಸೆರಗು ಹಿಡಿದು. "ಎಪ್ಪತ್ತಾರನೇ ಇಸವೀದು ಬಿಟ್ಟುಹೋಯ್ತು."