ಸೊಣ್ಣಪ್ಪನ ಕಿವಿ

ಸೊಣ್ಣಪ್ಪನಿಗೆ ಓದು ಇರಲಿಲ್ಲ, ಹೊಲ ಇರಲಿಲ್ಲ. ಇದ್ದದ್ದು ಒಂದು ಜೊತೆ ಕಿವಿ. ಆ ಕಿವಿ ನೋಡಿಯೇ ಅವನಿಗೆ ಹೆಣ್ಣು ಕೊಟ್ಟರು.

ಬೂದಿಗೆರೆಯಿಂದ ಎರಡು ಮೈಲಿ ದೂರದಲ್ಲಿ ಒಂದು ಬೋಳು ಬಂಡೆ. ಅದರ ಬುಡದಲ್ಲಿ ಹತ್ತು ಹನ್ನೆರಡು ಗುಡಿಸಲು. ಆಗೆಲ್ಲ ಆ ಬಂಡೆಯನ್ನು ಸುಟ್ಟು ಎಬ್ಬಿಸುತ್ತಿದ್ದರು. ಬಂಡೆ ಮೇಲೆ ಸಾಲಾಗಿ ಸೌದೆ ಜೋಡಿಸಿ, ಬೆಂಕಿ ಹಾಕಿ, ಆ ಬೆಂಕಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿಕೊಂಡು ಹೋಗಬೇಕು. ಕಾವಿಗೆ ಮೇಲಿನ ಪದರ ಬಿಟ್ಟುಕೊಳ್ಳುತ್ತದೆ. ಎಲ್ಲಿವರೆಗೆ ಬಿಟ್ಟಿತು ಅನ್ನೋದು ಕಣ್ಣಿಗೆ ಕಾಣೋದಿಲ್ಲ. ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಕೇಳಬೇಕು. ಠಣ್ ಅಂದರೆ ಇನ್ನೂ ಅಂಟಿದೆ. ಡೊಬ್ ಅಂದರೆ ಎದ್ದಿದೆ. ಅಂಟಿದ ಕಡೆ ಉಳಿ ಹಾಕಿದರೆ ಚಪ್ಪಡಿ ನಡುವಿಗೆ ಒಡೆಯುತ್ತದೆ, ಹತ್ತು ಜನರ ಒಂದು ವಾರದ ದುಡಿಮೆ ಜಲ್ಲಿಯಾಗುತ್ತದೆ.

ಸೊಣ್ಣಪ್ಪನ ಅಪ್ಪ, ತಾತ ಇಬ್ಬರೂ ಬಂಡೆ ತಟ್ಟಿ ಹೇಳೋರೇ. ಇವನು ಅವರನ್ನೂ ಮೀರಿಸಿದ. ಕೂತು ತಟ್ಟುತ್ತಿರಲಿಲ್ಲ, ನಡೆದುಕೊಂಡೇ ತಟ್ಟುತ್ತಿದ್ದ. "ಇಲ್ಲಿಂದ ಅಲ್ಲಿಗೆ ಎದ್ದೈತೆ. ಈ ಮೂಲೆ ಬಿಟ್ಟಿಲ್ಲ. ಇನ್ನೊಂದು ಹೊರೆ ಸೌದೆ ಹಾಕ್ರಲಾ" ಅಂದರೆ ಮುಗೀತು, ಮೇಸ್ತ್ರಿ ಆದಿನಾರಾಯಣಪ್ಪನೂ ಎದುರಾಡುತ್ತಿರಲಿಲ್ಲ. ದೇವನಹಳ್ಳಿ ಕಡೆ ದ್ರಾಕ್ಷಿ ತೋಟ ಹಾಕಿದವರು ಚಪ್ಪರಕ್ಕೆ ಕಲ್ಲುಕಂಬ ಬೇಕು ಅಂತ ಬಂದರೆ, ಸೊಣ್ಣಪ್ಪ ಎಬ್ಬಿಸಿದ್ದೇ ಕೊಡಿ ಅಂತ ಕೇಳೋರು.

ಚೀನಾ ಯುದ್ಧದ ಹಿಂದಿನ ವರ್ಷ ಮುನಿತಾಯಮ್ಮ ಅವನ ಹೆಂಡತಿಯಾಗಿ ಬಂದಳು. ಸೌದೆ ಹೊರೆ ಹೊತ್ತು ಅವನ ಹಿಂದೆ ನಡೆಯೋದು ಅವಳ ಕೆಲಸ. ಅವನು ತಟ್ಟೋನು, ಇವಳು ಹೊರೆ ಇಳಿಸೋಳು. ವರ್ಷಗಟ್ಟಲೆ ಅದೇ. ಕಲಿಯಬೇಕು ಅಂತ ಕಲಿತದ್ದಲ್ಲ. ಅಕ್ಕಿ ಆರಿಸ್ತಾ ಆರಿಸ್ತಾ ಕಲ್ಲು ತಾನೇ ಕಣ್ಣಿಗೆ ಬೀಳುತ್ತಲ್ಲ, ಹಾಗೆ ಠಣ್ಣು ಡೊಬ್ಬು ಅವಳ ಕಿವಿಗೂ ಬಿತ್ತು.

ಅಕ್ಕಿಗೆ ರೇಷನ್ ಅಂಗಡಿ ಮುಂದೆ ನಿಂತ ವರ್ಷ ಬೆಂಗಳೂರಿನ ಕಂಟ್ರಾಕ್ಟರ್ ಬಂದ. ರಸ್ತೆಗೆ ಜಲ್ಲಿ ಬೇಕು, ಬೇಗ ಬೇಕು ಅಂದ. ಚಪ್ಪಡಿಗೆ ಬೆಂಕಿ ಉಳಿಯಿತು, ಜಲ್ಲಿಗೆ ಮದ್ದು ಬಂತು. ಬಂಡೆಗೆ ತೂತು ಹೊಡೆದು, ಮದ್ದು ತುಂಬಿ, ಬತ್ತಿ ಹಚ್ಚಿ ಓಡಿ ಬರಬೇಕು. ಆಮೇಲೆ ಎಣಿಸಬೇಕು. ಐದು ಬತ್ತಿ ಹಚ್ಚಿದರೆ ಐದು ಸಿಡಿತ ಕೇಳಬೇಕು. ನಾಲ್ಕೇ ಕೇಳಿದರೆ ಒಂದು ಮದ್ದು ಸುಮ್ಮನೆ ಕೂತಿದೆ ಅಂತ ಅರ್ಥ. ಅವತ್ತು ಯಾರೂ ಬಂಡೆ ಹತ್ತಂಗಿಲ್ಲ.

ಎಣಿಸೋ ಕೆಲಸ ಯಾರಿಗೆ? ಕಿವಿ ಇರೋನಿಗೆ. ಎಣಿಸಿದೋನೇ ಮೊದಲು ಹತ್ತಬೇಕು ಅನ್ನೋದು ಅಲ್ಲಿಯ ಕಟ್ಟು. ಸುಳ್ಳು ಎಣಿಸಬಾರದು ಅಂತ.

ಆರು ವರ್ಷ ಸೊಣ್ಣಪ್ಪ ಎಣಿಸಿದ. ಬೇರೆಯವರು ಕಿವಿ ಮುಚ್ಚಿಕೊಂಡು ಕೂತರೆ ಇವನು ತೆರೆದುಕೊಂಡು ನಿಲ್ಲುತ್ತಿದ್ದ.

ಮೊದಲು ಗೊತ್ತಾದದ್ದು ಮುನಿತಾಯಮ್ಮನಿಗೆ. ಮಗಳು ಅಶ್ವತ್ಥಮ್ಮ ಆಗ ತೊಟ್ಟಿಲ ಕೂಸು. ಇವಳು ನೀರು ತರಲು ಹೋಗಿದ್ದಳು. ವಾಪಸು ಬಂದರೆ ಕೂಸು ಅತ್ತು ಅತ್ತು ನೀಲಿಯಾಗಿದೆ. ಸೊಣ್ಣಪ್ಪ ತೊಟ್ಟಿಲಿಗೆ ಬೆನ್ನು ಮಾಡಿ ಕೂತು ಬೀಡಿ ಸೇದುತ್ತಿದ್ದಾನೆ. ಆ ಬೆನ್ನು ಒಂಚೂರೂ ಅಲ್ಲಾಡಲಿಲ್ಲ.

ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಅಂತ ಎಲ್ಲರಿಗೂ ಹೇಳಿ ಇಬ್ಬರೂ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದರು. ಡಾಕ್ಟರು ನೋಡಿದ. "ಒಳಗಿನ ನರ ಸತ್ತಿದೆ. ಸಿಡಿಮದ್ದಿನ ಕೆಲಸ ಅಂತೀಯ, ಕಿವಿಗೆ ಹತ್ತಿ ತುರುಕೋಬಾರದೇನಯ್ಯ?" ಅಂದ. ಸೊಣ್ಣಪ್ಪನಿಗೆ ಅದು ಕೇಳಿಸಲಿಲ್ಲ. ಮುನಿತಾಯಮ್ಮ ಅವನ ಮುಖದ ಮುಂದೆ ನಿಂತು ಮೆಲ್ಲಗೆ ತುಟಿ ಆಡಿಸಿ ಹೇಳಿದಳು. ಅವನು ನಕ್ಕ. "ಹತ್ತಿ ಇಟ್ಕೊಂಡ್ರೆ ಎಣಿಸೋರ್ಯಾರಂತೆ? ಅವನ ತಾತನಾ?"

ಬಸ್ಸಿನಲ್ಲಿ ಬರುವಾಗ ನಗಲಿಲ್ಲ. ಮನೆಗೆ ಬಂದವನೇ ಅವಳ ಕೈ ಹಿಡಿದು ಮಗಳ ತಲೆ ಮೇಲೆ ಇಟ್ಟ.

"ಯಾರಿಗೂ ಹೇಳಲ್ಲ ಅಂತ ಆಣೆ ಮಾಡು."

"ಇವಳ ತಲೆ ಮೇಲೆ ಬ್ಯಾಡ ಕಣಯ್ಯ. ನನ್ನ ತಲೆ ಮೇಲೆ ಮಾಡ್ತೀನಿ."

"ನಿನ್ನ ತಲೆ ಯಾರಿಗೆ ಬೇಕು? ಇವಳದೇ ಮಾಡು. ಕಿವುಡ ಅಂತ ಗೊತ್ತಾದ್ರೆ ಕಲ್ಲು ಹೊರೋಕೆ ಹಾಕ್ತಾರೆ. ನಮ್ಮಪ್ಪನ ಹೆಸರು, ತಾತನ ಹೆಸರು ಎಲ್ಲಾ ನನ್ ಬುಟ್ಟೀಲಿ ಹೊತ್ಕೊಂಡು ಹೋಗ್ಬೇಕಾ?"

ಮಾಡಿದಳು.

ಅವತ್ತಿನಿಂದ ಅವನ ಕಿವಿ ಅವಳೇ. ಅವನು ಮೊದಲಿನ ಹಾಗೇ ತಟ್ಟುತ್ತಾ ನಡೆಯೋನು. ಅವಳು ಹೊರೆ ಇಳಿಸಿ ಸೆರಗಲ್ಲಿ ಮುಖ ಒರೆಸಿಕೊಂಡರೆ ಎದ್ದಿದೆ ಅಂತ. ಸೆರಗು ಸೊಂಟಕ್ಕೆ ಸಿಕ್ಕಿಸಿದರೆ ಇಲ್ಲ ಅಂತ. ಮದ್ದು ಹಚ್ಚಿದಾಗ ಅವನ ಕಣ್ಣಿಗೆ ಬೀಳೋ ಕಡೆ ನಿಂತು ಒಂದೊಂದಕ್ಕೂ ಒಂದೊಂದು ಬೆರಳು ಮಡಿಸುತ್ತಿದ್ದಳು. ಎಲ್ಲಾ ಮಡಿಸಿದ ಮೇಲೆ ಅವನು "ಆಯ್ತು!" ಅಂತ ಕೂಗೋನು. ಎರಡು ವರ್ಷ ಒಂದು ಚಪ್ಪಡಿಯೂ ಒಡೆಯಲಿಲ್ಲ, ಒಂದು ಎಣಿಕೆಯೂ ತಪ್ಪಲಿಲ್ಲ. ಕೂಲಿ ಅವಳಿಗೆ ಸೌದೆ ಹೊತ್ತಿದ್ದಕ್ಕೆ ಮಾತ್ರ.

ಆದರೆ ತಿಂಗಳಲ್ಲಿ ಮೂರು ದಿನ ಅವಳು ಬಂಡೆ ಹತ್ತಂಗಿರಲಿಲ್ಲ. ಬಂಡೆ ಹತ್ತೋ ಕಡೆ ಅರಿಶಿನ ಕುಂಕುಮ ಹಚ್ಚಿದ ಒಂದು ಕಲ್ಲು ಇತ್ತು. ಅದು ಮುತ್ಯಾಲಮ್ಮ. ಹೊರಗಾದ ಹೆಂಗಸರು ಆ ಕಲ್ಲು ದಾಟಬಾರದು. ದಾಟಿದರೆ ಬಂಡೆ ರಕ್ತ ಕೇಳುತ್ತದೆ ಅನ್ನೋರು. ಆ ಮೂರು ದಿನ ಅವಳು ಗುಡಿಸಲ ಪಕ್ಕ ತಡಿಕೆ ಮರೆಯಲ್ಲಿ ಕೂರುತ್ತಿದ್ದಳು. ಸೊಣ್ಣಪ್ಪ ಆ ಮೂರು ದಿನ ಬೆನ್ನು ನೋವು ಅಂತಲೋ ಹೊಟ್ಟೆ ನೋವು ಅಂತಲೋ ಮಲಗಿಬಿಡುತ್ತಿದ್ದ.

ಎಪ್ಪತ್ತೆರಡನೇ ಇಸವಿ, ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಎರಡು ಲಾರಿ ಬಂದು ನಿಂತಿದ್ದವು. ಮೇಸ್ತ್ರಿ ಆದಿನಾರಾಯಣಪ್ಪ ಆಳುಗಳನ್ನು ಕಟ್ಟಿಕೊಂಡು ಬೆಳಿಗ್ಗೆಯೇ ಗುಡಿಸಲ ಮುಂದೆ ಬಂದ.

"ಬೆನ್ನು ಹಿಡ್ಕೊಂಡೈತೆ ಮೇಸ್ತ್ರಿ. ನಾಳಿದ್ದು ಬರ್ತೀನಿ" ಅಂದ ಸೊಣ್ಣಪ್ಪ.

ಮೇಸ್ತ್ರಿ ತಡಿಕೆ ಕಡೆ ನೋಡಿದ. ಸೊಣ್ಣಪ್ಪನನ್ನು ನೋಡಿದ. ಮೀಸೆಯಲ್ಲೇ ನಗು ಬಂತು.

"ಏನ್ಲಾ ಸೊಣ್ಣಪ್ಪ, ನಾನೂ ವರ್ಷದಿಂದ ನೋಡ್ತಾ ಇವ್ನಿ. ನಿನ್ನೆಂಡ್ತಿ ಆಚೆ ಕೂತ ದಿನವೇ ನಿಂಗೆ ಬೆನ್ನು ನೋಯ್ತದೆ. ಮುಟ್ಟು ಅವಳಿಗೋ, ನಿಂಗೋ?"

ಆಳುಗಳು ಬಿದ್ದು ಬಿದ್ದು ನಕ್ಕರು. "ಅವನಿಗೂ ಒಂದು ಚಾಪೆ ಹಾಕ್ರಪ್ಪಾ ತಡಿಕೆ ಮರೇಲಿ" ಅಂದ ಒಬ್ಬ.

ಸೊಣ್ಣಪ್ಪನಿಗೆ ಕಂಡದ್ದು ತೆರೆದ ಬಾಯಿಗಳು ಮಾತ್ರ. ಅವನು ಹಿಂದಕ್ಕೆ ತಿರುಗಿ ತಡಿಕೆ ಕಡೆ ಗದ್ದ ಎತ್ತಿದ. ಏನಂತೆ?

ಏನಿಲ್ಲ, ಸುಮ್ನೆ ನಗ್ತಾ ಅವ್ರೆ, ಅಂದಿದ್ದರೆ ಆಗ್ತಿತ್ತು. ತಡಿಕೆ ಸಂದಿಯಿಂದ ಇಣುಕುತ್ತಿದ್ದ ಮುನಿತಾಯಮ್ಮನಿಗೂ ಮೈ ಉರಿದಿತ್ತು. ಮೇಸ್ತ್ರಿ ಅಂದದ್ದನ್ನ ಒಂದಕ್ಷರ ಬಿಡದೆ ತುಟಿಯಲ್ಲಿ ಹೇಳಿಬಿಟ್ಟಳು.

ಅವನ ಮುಖ ಕಪ್ಪಿಟ್ಟಿತು. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. "ಬ್ಯಾಡ" ಅಂದಳು. ಅಷ್ಟರಲ್ಲಿ ಅವನು ಬೆನ್ನು ತಿರುಗಿಸಿದ್ದ. ಬೆನ್ನು ತಿರುಗಿಸಿದ ಮೇಲೆ ಅವನಿಗೆ ಹೇಳೋಕೆ ಆಗುತ್ತಿರಲಿಲ್ಲ.

ಬಿಸಿಲು ನೆತ್ತಿಗೆ ಬರೋ ಹೊತ್ತಿಗೆ ತೂತು ತುಂಬಿದರು. ಐದು. ತಡಿಕೆ ಮರೆಯಿಂದ ಬಂಡೆಯ ಮೇಲ್ಭಾಗ ಕಾಣುತ್ತಿತ್ತು. ಸೊಣ್ಣಪ್ಪ ಬತ್ತಿ ಹಚ್ಚಿ ಓಡಿ ಬಂದ. ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಬಂಡೆಯ ಇಳಿಜಾರಿನಲ್ಲಿ ನಿಂತ. ಅಂಗಾಲಲ್ಲಿ ಎಣಿಸೋಣ ಅಂತ.

ಮುನಿತಾಯಮ್ಮನ ಕೈ ಅಭ್ಯಾಸಕ್ಕೆ ತಾನೇ ಮೇಲೆದ್ದಿತು. ಕಿರುಬೆರಳು ಮಡಿಸಿದಳು. ಉಂಗುರದ ಬೆರಳು. ಆಮೇಲೆ ಹಿಂದೆ ಹಿಂದೆಯೇ ಎರಡು. ನಾಲ್ಕು ಆಯ್ತು. ಹೆಬ್ಬೆರಳು ಹಾಗೇ ನಿಂತಿತ್ತು. ಆಗ ಕೆಳಗೆ ಲಾರಿಗೆ ಏರಿಸುತ್ತಿದ್ದ ಒಂದು ದೊಡ್ಡ ಕಲ್ಲಿನ ದಿಮ್ಮಿ ಕೈತಪ್ಪಿ ಬಂಡೆ ಮೇಲೆ ಬಿತ್ತು. ಧಡ್ ಅಂತು. ಅದು ಮದ್ದಿನ ಸದ್ದಲ್ಲ ಅಂತ ಕಿವಿ ತೆರೆದುಕೊಂಡು ಎಣಿಸಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಅಂಗಾಲಿಗೆ ಗೊತ್ತಾಗಲ್ಲ.

"ಆಯ್ತು! ಐದೂ ಆಯ್ತು!" ಸೊಣ್ಣಪ್ಪನ ಕೂಗು ಬಂತು. ಮೊದಲು ಹತ್ತಬೇಕಾದವನು ಅವನೇ. ಹತ್ತಲು ಶುರುಮಾಡಿದ.

ಓಡಿದಳು. ಮುತ್ಯಾಲಮ್ಮನ ಕಲ್ಲಿನ ಹತ್ತಿರ ಬಂದು ನಿಂತುಬಿಟ್ಟಳು. ನಾಲ್ಕು ಉಸಿರು ಎಳೆಯೋ ಹೊತ್ತು. ಅದು ಎಷ್ಟು ಹೊತ್ತು ಅಂತ ಯಾರೂ ಅವಳನ್ನು ಕೇಳಬೇಕಾಗಿಲ್ಲ. ಅವಳಿಗೆ ಗೊತ್ತು.

"ಅಶ್ವತ್ಥೀ ಅಪ್ಪಾ!" ಅಂತ ಕೂಗಿದಳು. ಆಳುಗಳು ಕೇಳಿಸಿಕೊಂಡರು, ಹೆಂಗಸರದೇನೋ ಜಗಳ ಅಂದುಕೊಂಡರು. ಆಗ ಅವಳು ಯಾವತ್ತೂ ಬಾಯಿಗೆ ತರದ ಹೆಸರನ್ನು ಬಂಡೆಗೆ ಬಡಿಯೋ ಹಾಗೆ ಕೂಗಿದಳು. "ಸೊಣ್ಣಪ್ಪಾ! ಲೋ ಸೊಣ್ಣಪ್ಪಾ!"

"ನಿನ್ ಬಾಯಿ ಬಿದ್ಹೋಗ, ಗಂಡನ ಹೆಸರು ಕೂಗ್ತೀಯೇನೇ!" ಅಂತ ಅತ್ತೆ ಪಾಪಕ್ಕ ಹಿಂದಿನಿಂದ ಓಡಿ ಬಂದಳು.

ಬೂದಿಗೆರೆಗೂ ಕೇಳಿಸಿರಬೇಕು ಆ ಹೆಸರು. ಕೇಳಬೇಕಾದ ಒಬ್ಬನಿಗೆ ಕೇಳಲಿಲ್ಲ. ಅವಳು ಕಲ್ಲು ದಾಟಿ ಹತ್ತು ಹೆಜ್ಜೆ ಹತ್ತಿದ್ದಳು, ಐದನೆಯದು ಸಿಡಿಯಿತು.

ಹೆಣವನ್ನು ಟವಲಿನಲ್ಲಿ ಮುಚ್ಚುವಷ್ಟರಲ್ಲೇ ಮಾತು ಶುರುವಾಯಿತು. ಹೊರಗಾದವಳು ಮುತ್ಯಾಲಮ್ಮನ್ನ ದಾಟಿದಳು, ಗಂಡನ ಹೆಸರು ಕೂಗಿದಳು, ಬಂಡೆ ಅವನನ್ನ ತಗೊಂತು. ಮೊದಲು ಅಂದವಳು ಪಾಪಕ್ಕ. ಆಮೇಲೆ ಎಲ್ಲರೂ ಅಂದರು. ಮದ್ದು ತಂದ ಕಂಟ್ರಾಕ್ಟರನ್ನ ಯಾರೂ ಏನೂ ಅನ್ನಲಿಲ್ಲ. ಅವನು ಹೆಣಕ್ಕೆ ಹೂವಿನ ಹಾರ ತಂದಿದ್ದ.

ತಿಥಿ ಆದ ಮೇಲೆ ಸಾವಿನ ವಿಚಾರಣೆಗೆ ಅಂತ ಬೆಂಗಳೂರಿಂದ ಒಬ್ಬ ಆಫೀಸರು ಬಂದ. ಬೇವಿನ ಮರದ ಕೆಳಗೆ ಮೇಜು ಹಾಕಿದರು. ಬಂಡೆ ರಕ್ತ ಕೇಳಿತು ಅಂತ ಆಳುಗಳು ಅಂದದ್ದಕ್ಕೆ ಅವನು ನಕ್ಕು ತಲೆ ಕೊಡವಿದ. ಮುನಿತಾಯಮ್ಮನನ್ನು ಕರೆದ.

"ಕುಡೀತಿದ್ನಾ?"

"ಇಲ್ಲ ಸ್ವಾಮಿ."

"ಕಣ್ಣು ಸರಿಯಾಗಿತ್ತಾ?"

"ಇತ್ತು."

"ಕಿವಿ?"

ಅವಳು ತಲೆ ಎತ್ತಿದಳು. ಎದುರಿಗೆ ಪಾಪಕ್ಕನ ತೊಡೆ ಮೇಲೆ ಅಶ್ವತ್ಥಮ್ಮ ಕೂತು ಮಣ್ಣು ತಿನ್ನುತ್ತಿದ್ದಳು. ಒಂದು ತಲೆ ಹೋಗಿತ್ತು. ಉಳಿದದ್ದು ಅದೊಂದು ತಲೆ, ಆಣೆ ಇದ್ದದ್ದೂ ಅದರ ಮೇಲೆ.

"ಸರಿಯಾಗಿತ್ತು ಸ್ವಾಮಿ. ಅಂಥ ಕಿವಿ ಈ ಸೀಮೇಲಿ ಯಾರಿಗೂ ಇರ್ಲಿಲ್ಲ."

ಆಫೀಸರು ಬರೆದ. ಬರೆದದ್ದನ್ನು ಓದಿ ಹೇಳಿದ. ಕಿವಿ ಚೆನ್ನಾಗಿದ್ದೂ ಸಿಡಿತದ ಎಣಿಕೆ ತಪ್ಪಿದ್ದಾನೆ, ಮೃತನ ಅಜಾಗರೂಕತೆಯೇ ಕಾರಣ. ಅಜಾಗರೂಕತೆ ಅಂದರೇನು ಅಂತ ಅವಳು ಮೇಸ್ತ್ರಿಯನ್ನು ಕೇಳಿದಳು.

"ಮೈಮೇಲೆ ಗ್ಯಾನ ಇರ್ಲಿಲ್ಲ ಅಂತ ಕಣಮ್ಮ" ಅಂದ ಆದಿನಾರಾಯಣಪ್ಪ. "ಹೆಬ್ಬೆಟ್ಟು ಒತ್ತು."

ಅವತ್ತು ನಿಂತೇ ಇದ್ದ ಹೆಬ್ಬೆರಳು. ಒತ್ತಿದಳು.

ಆಮೇಲೆ ಅವಳನ್ನು ಬಂಡೆ ಹತ್ತಿಸಲಿಲ್ಲ. ಕೆಳಗೆ ಜಲ್ಲಿ ಒಡೆಯಲು ಕೂರಿಸಿದರು. ಬೂದಿಗೆರೆಯಿಂದ ಬೇರೊಬ್ಬನನ್ನು ಕರೆಸಿ ತಟ್ಟಿಸಿದರು. ಆರು ತಿಂಗಳಲ್ಲಿ ಅವನು ನಾಲ್ಕು ಪದರ ಒಡೆಸಿದ. ಕೊನೆಗೆ ಯಾವಳೋ ಮೇಸ್ತ್ರಿ ಕಿವಿಗೆ ಹಾಕಿದಳು, ಮುನಿತಾಯಿ ಹನ್ನೊಂದು ವರ್ಷ ಅವನ ಹಿಂದೇ ನಡೆದವಳು, ಅವಳನ್ನ ಕೇಳಿ ಅಂತ.

ಆದಿನಾರಾಯಣಪ್ಪ ಕೆಳಗಿಳಿದು ಬಂದ. "ತಾಯಿ, ಒಂದೇ ಒಂದು ಸಲ ತಟ್ಟಿ ನೋಡು. ಗೃಹಪ್ರವೇಶದ ಮನೆ ಚಪ್ಪಡಿ. ಒಡೆದ್ರೆ ಕಂಟ್ರಾಕ್ಟರು ನನ್ನ ಸುಲೀತಾನೆ."

"ಮುತ್ಯಾಲಮ್ಮ ಏನೂ ಅನ್ನಲ್ವಾ?"

"ಬಿಡಮ್ಮ, ಅದೆಲ್ಲ."

ಅದೆಲ್ಲ ಅಂದರೆ ಏನು ಅಂತ ಅವಳು ಕೇಳಲಿಲ್ಲ. ಹತ್ತಿದಳು. ಕಾದ ಬಂಡೆ ಮೇಲೆ ಸುತ್ತಿಗೆ ಹಿಡಿದು ಅವನ ಹಾಗೇ ನಡೆದುಕೊಂಡು ತಟ್ಟಿದಳು. ಡೊಬ್. ಡೊಬ್. ಡೊಬ್. ಆಮೇಲೆ ಈಶಾನ್ಯದ ಮೂಲೆಯಲ್ಲಿ ಠಣ್. ಕನ್ನಡಿಯಲ್ಲಿ ಕಂಡಷ್ಟು ಚೊಕ್ಕವಾಗಿ ಕೇಳಿಸಿತು. ಸುತ್ತ ಆಳುಗಳು ನಿಂತಿದ್ದರು.

"ಎದ್ದೈತಾ?" ಅಂದ ಮೇಸ್ತ್ರಿ.

ಮುನಿತಾಯಮ್ಮ ಸುತ್ತಿಗೆ ಕೆಳಗಿಟ್ಟಳು. "ಅಶ್ವತ್ಥಿ ಅಪ್ಪಂಗೆ ಎರಡು ವರ್ಷದಿಂದ ಕಿವಿ ಕೇಳ್ತಿರ್ಲಿಲ್ಲ. ನಿಮ್ಮ ಮದ್ದು ತಿಂದ್ಬಿಡ್ತು. ಇಲ್ಲಿ ಎಬ್ಬಿಸಿದ ಚಪ್ಪಡಿ, ಎಣಿಸಿದ ಎಣಿಕೆ, ಎಲ್ಲ ಕೇಳ್ತಿದ್ದದ್ದು ನಾನು. ನಾನು ಹೊರಗಾದ ದಿನ ಅವನು ಅದಕ್ಕೇ ಮಲಗ್ತಿದ್ದ. ನೀನು ನಗಿಸಿದ್ಯಲ್ಲ, ಅದಕ್ಕೆ."

ಯಾರೂ ನಗಲಿಲ್ಲ. ಒಬ್ಬ ಆಳು ಬೀಡಿ ಬಿಸಾಕಿದ. ಮೇಸ್ತ್ರಿ ಸುತ್ತಿಗೆ ಎತ್ತಿ ಮತ್ತೆ ಅವಳ ಮುಂದೆ ಹಿಡಿದ. ಆಮೇಲೆ ಅಂದ, "ಆದದ್ದು ಆಯ್ತು ತಾಯಿ. ಕಾಗ್ದ ಹೋಗಿ ಆರು ತಿಂಗಳಾಯ್ತು. ಈಗ ಪದರ ಎದ್ದೈತಾ, ಅದನ್ನ ಹೇಳು."

"ನಂಗೂ ಕೇಳ್ಸಲ್ಲ" ಅಂದಳು. ಇಳಿದು ಬಂದು ಜಲ್ಲಿ ಮುಂದೆ ಕೂತಳು. ಮಧ್ಯಾಹ್ನ ಮೇಲೆ ಚಪ್ಪಡಿ ಈಶಾನ್ಯದ ಮೂಲೆಯಿಂದ ಸೀಳಿದ ಸದ್ದು ಕೇಳಿಸಿತು. ಅವಳು ತಲೆ ಎತ್ತಲಿಲ್ಲ.

ಆಣೆ ಮುರಿದಿದ್ದಳು. ಎಂಟು ದಿನ ಮಗಳನ್ನು ಕಣ್ಣಿಂದ ಆಚೆ ಬಿಡಲಿಲ್ಲ. ಹಣೆ ಮುಟ್ಟಿ ನೋಡೋಳು, ನಾಲಿಗೆ ತೆಗೆಸಿ ನೋಡೋಳು. ಜ್ವರ ಬರಲಿಲ್ಲ. ಒಂದು ನೆಗಡಿ ಕೂಡ ಬರಲಿಲ್ಲ. ಮಗು ಮುದ್ದೆ ತಿಂದು ಜಲ್ಲಿ ಗುಡ್ಡೆ ಮೇಲೆ ಆಡಿಕೊಂಡಿತ್ತು.

ಒಂಬತ್ತನೇ ದಿನ ಮುನಿತಾಯಮ್ಮ ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಮುತ್ಯಾಲಮ್ಮನ ಕಲ್ಲಿಗೆ ಹೆದರಿ ನಾಲ್ಕು ಉಸಿರು ನಿಂತಿದ್ದಳು. ಆಣೆಗೆ ಹೆದರಿ ಅವನ ಹೆಸರಿಗೆ ಗ್ಯಾನವಿಲ್ಲದವನು ಅಂತ ಬರೆಸಿದ್ದಳು. ಎರಡರಲ್ಲೂ ಏನೂ ಇರಲಿಲ್ಲ.