ಸುಣ್ಣದ ಅಜ್ಜ

ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ದಾರಿ ಬಿಟ್ಟು ಒಳಗೆ ಹೊರಳಿದರೆ ನಮ್ಮೂರು. ಊರ ಕೊನೆಗೆ ನನ್ನ ಮನೆ, ಹಿತ್ತಿಲಿಗೆ ಹತ್ತಿಕೊಂಡೇ ಒಂದು ಹಳೇ ಕಲ್ಲುಗುಡಿ. ಒಳಗೆ ಪದ್ಮಾಸನ ಹಾಕಿ ಕೂತ ಮೂರ್ತಿ. ಅವ್ವ ಅದಕ್ಕೆ ಅಜ್ಜ ಅನ್ನುತ್ತಿದ್ದಳು, ನಾನೂ ಅಂದೆ. ಯಾವ ಅಜ್ಜ ಎಂದು ಯಾರೂ ಕೇಳಿರಲಿಲ್ಲ.

ದೀಪಾವಳಿಗೆ ಮನೆಗೆ ಬಳಿದು ಉಳಿದ ಸುಣ್ಣ ಅಜ್ಜನಿಗೆ. ಅದು ನಮ್ಮ ಮನೆತನದ ಪದ್ಧತಿ. ಭಕ್ತಿ ಎಷ್ಟೋ ಸುಣ್ಣ ಅಷ್ಟು ದಪ್ಪ. ನನ್ನ ಕಾಲಕ್ಕೆ ಅಜ್ಜನ ಮೂಗು ಎಲ್ಲಿದೆ ಎಂದು ಹುಡುಕಬೇಕಿತ್ತು. ಅವ್ವ ಹೋದ ಮೇಲೆ ದೀಪ ಹಚ್ಚುವವಳು ನಾನು. ಮದುವೆಯಾಗಲಿಲ್ಲ, ಶಾಲೆಯಲ್ಲಿ ಕಲಿಸಿ ನಿವೃತ್ತಳಾದೆ. ಸಂಜೆ ಏನು ಉಂಡೆ ಎಂದು ಹೇಳಿಕೊಳ್ಳಲು ನನಗಿದ್ದವನು ಆ ಅಜ್ಜನೊಬ್ಬನೇ.

ಹೋದ ವರ್ಷ ಹಾವೇರಿಯಿಂದ ಶಾಸನ ಓದುವವರೊಬ್ಬರು ಬಂದು, ಸುಣ್ಣದ ಕೆಳಗೆ ಅಕ್ಷರ ಇರಬಹುದು ಎಂದರು. ಊರಿಗೆ ಹುರುಪು ಬಂತು, ಊರವರೇ ಕೆರೆದರು. ಅಕ್ಷರ ಸಿಗಲಿಲ್ಲ. ಸುಣ್ಣದ ಜೊತೆ ಕಲ್ಲಿನ ಚಕ್ಕೆಯೂ ಎದ್ದು ಎದೆಯ ಮೇಲಿನ ಗುರುತು ಹೋಯಿತು. ಅಲ್ಲಿ ಲಿಂಗವಿತ್ತೋ ಬೇರೆ ಏನಿತ್ತೋ, ಇನ್ನು ಯಾರೂ ಹೇಳುವಂತಿಲ್ಲ. ಹಾಗಾದ ಮೇಲೆಯೇ ಎಲ್ಲರೂ ಹೇಳತೊಡಗಿದರು. ಕೆಲವರಿಗೆ ಅದು ಜೈನ ಬಸದಿ, ಕೆಲವರಿಗೆ ಶರಣರ ಮಠ.

ಎರಡೂ ಕಡೆಯ ಹಿರಿಯರು ನನ್ನ ಕಟ್ಟೆಗೆ ಬಂದು ಕೂತರು.

"ಅಕ್ಕಾರ, ನೀವು ದೀಪಾ ಹಚ್ಚಿದವರು. ಖರೇ ಹೇಳ್ರಿ, ಅದು ಯಾರ ಮೂರ್ತಿ?" ಎಂದು ಒಬ್ಬರು ಕೇಳಿದರು.

"ನಮ್ಮ ಅಜ್ಜಂದ್ರಿ."

"ಹಂಗಂದ್ರ ಹ್ಯಾಂಗ್ರಿ? ಒಂದು ಕಡೆ ಹೇಳಬೇಕಲ್ಲ."

ನನಗೆ ಸಿಟ್ಟು ಬಂತು. "ಕಸಾ ಹೊಡಿಯಾಕ ಒಬ್ಬರೂ ಬರಲಿಲ್ಲ. ಈಗ ಯಾರ ಮೂರ್ತಿ ಅಂತ ಕೇಳಾಕ ಬಂದೀರೇನು?"

ಇಬ್ಬರಿಗೂ ಬೇಡವಾದೆ. ಬಾಗಿಲಿಗೆ ಎರಡು ಬೀಗ ಬಿದ್ದವು, ಒಂದೊಂದು ಕಡೆಯದು ಒಂದೊಂದು. ತೀರ್ಮಾನವಾಗುವವರೆಗೆ ಇಬ್ಬರೂ ಕೂಡಿ ಬಂದರಷ್ಟೇ ತೆರೆಯಬೇಕಂತೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಅಜ್ಜ ಬಡವಾದ, ಅವನ ಜೊತೆ ನಾನೂ.

ಈ ದೀಪಾವಳಿಗೆ ರೂಢಿಯಂತೆ ಸುಣ್ಣ ಹೆಚ್ಚೇ ಕಲಸಿದ್ದೆ. ಉಳಿದದ್ದನ್ನು ಹಿಡಿದು ಬೀಗದ ಮುಂದೆ ನಿಂತಾಗ ಅಳು ಬಂತು. ಸುಳ್ಳೇಕೆ, ಜೋರಾಗಿಯೇ ಅತ್ತೆ. ಆಮೇಲೆ ಬಾಗಿಲ ಸಂದಿಗೆ ಬಾಯಿಟ್ಟು, "ಅಜ್ಜಾ, ನಂದು ಊಟ ಆತು" ಅಂದೆ.

ಆಗಿರಲಿಲ್ಲ. ಒಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸಾಗಿರಲಿಲ್ಲ. ಒಳಗೆ ಕತ್ತಲಲ್ಲಿ ಕೂತವನಿಗೆ ಅದನ್ನು ಹೇಗೆ ಹೇಳಲಿ?