ಸೆರಗಿಗೆ ಬಿದ್ದ ಗಂಟು

ಪರದೇಶದ ಮೆಡೋವೇಲಿನಲ್ಲಿರುವ ಮಗಳ ಮನೆಗೆ ಬಂದು ಎಂಟು ದಿನವಾದರೂ ಐದು ವರ್ಷದ ಮೊಮ್ಮಗಳು ಅನ್ವಿ ನನ್ನ ಹತ್ತಿರ ಸುಳಿದಿರಲಿಲ್ಲ. ಇವತ್ತು ಮಗಳು, ಅನ್ವಿ, ನಾನು ಬೇಸ್‌ಮೆಂಟಿನ ಟಿವಿಯಲ್ಲಿ ಸಮುದ್ರದ ನೀರುನಾಯಿಗಳನ್ನು ನೋಡುತ್ತಾ ಕೂತಿದ್ದೆವು. ಚಿಪ್ಪು ಹುಡುಕಲು ಮುಳುಗುವ ಮೊದಲು ತಾಯಿ, ಮರಿ ತೇಲಿಹೋಗಬಾರದೆಂದು ಅದಕ್ಕೆ ಉದ್ದನೆಯ ಪಾಚಿಬಳ್ಳಿ ಸುತ್ತಿತಲ್ಲ! ನನಗೆ ತಡೆಯಲಾಗಲಿಲ್ಲ.

“ನಾನೂ ರೊಟ್ಟಿ ಬಡಿಯೋವಾಗ ನಿಮ್ಮವ್ವನ್ನ ಹಿಂಗ ಸೀರಿಯಿಂದ ಹೊರಸು ಮಂಚದ ಕಾಲಿಗೆ ಕಟ್ಟತಿದ್ದೆ,” ಎಂದೆ.

“ಅವ್ವಾ, ಹೊರಗ ಎಲ್ಲೂ ಹೇಳಬ್ಯಾಡ, ಇಲ್ಲಿ ಮಕ್ಕಳನ್ನ ಕಟ್ಟಿದರ ಪೊಲೀಸರು ಬರ್ತಾರ!” ಎಂದು ಮಗಳು ನಕ್ಕಳು.

ಅನ್ವಿ ನಗಲಿಲ್ಲ. ಮೆಲ್ಲಗೆ ಬಂದು ನನ್ನ ಸೆರಗನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು, ತುದಿಯನ್ನು ನನ್ನ ಕೈಗಿಟ್ಟಳು.

“ಟೈಟ್, ಅಜ್ಜಿ, ಟೈಟ್!”

ಗಂಟು ಹಾಕಿದೆ. ಅಷ್ಟರಲ್ಲಿ ಮೇಲಿನಿಂದ ಹಾಲು ಉಕ್ಕಿದ ವಾಸನೆ ಬಂತು. ಮಗಳನ್ನೇ ಓಡಿಸಿದೆ. ನಾನು ಹೇಗೆ ಏಳಲಿ, ಮೊಮ್ಮಗಳು ಕಟ್ಟಿಹಾಕಿದ್ದಾಳಲ್ಲ!